ಒತ್ತಕ್ಷರ ಒಡೆಯದ ಪರದೆ ಹುಡುಕುತ್ತಾ...

ಗುಜರಾತಿಗೆ ಬಂದ ಕನ್ನಡಿಗರು ಮೊದಲ ವಾರದಲ್ಲೇ ಕಲಿಯುವ ಎರಡು ಮಾತುಗಳು 'ಚಾಲಶೆ' ಮತ್ತು 'ಫಾವಶೆ'. ಚಾಲಶೆ ಎಂದರೆ ನಡೆಯುತ್ತದೆ ಬಿಡಿ, ಅಡ್ಡಿಯಿಲ್ಲ ಎಂದರ್ಥ. ಫಾವಶೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಒಗ್ಗುತ್ತದೆ, ಕೈಗೆ ಹಿಡಿತ ಸಿಗುತ್ತದೆ, ದಿನಾ ಇದರ ಜೊತೆ ಬಾಳಬಹುದು ಎಂಬ ಭಾವ ಅದರಲ್ಲಿದೆ. ಹೊಸ ಬಾಡಿಗೆ ಮನೆ, ಹೊಸ ಸ್ಕೂಟರ್, ಸಕ್ಕರೆ ಹಾಕಿದ ದಾಲ್ ಎಲ್ಲದಕ್ಕೂ ಇಲ್ಲಿನವರು ಕೇಳುವುದು ಒಂದೇ ಪ್ರಶ್ನೆ, 'ಫಾವ್ಯುಂ?' ನಾನು ವಡೋದರಾಕ್ಕೆ ಬಂದು ಹನ್ನೆರಡು ವರ್ಷ ದಾಟಿತು. ದಾಲ್ ಇನ್ನೂ ಚಾಲಶೆ ಹಂತದಲ್ಲೇ ಇದೆ. ಆದರೆ ನನ್ನ ಕಸುಬಿನಲ್ಲಿ ಈ ಎರಡು ಮಾತುಗಳ ನಡುವಿನ ಅಂತರ ಬಹಳ ಉಪಯೋಗಕ್ಕೆ ಬಂದಿದೆ.

ನನ್ನ ಕಸುಬು ಯಂತ್ರಗಳಿಗೆ ಪರದೆ ಕಟ್ಟುವುದು. ಮಕರಪುರಾ ಕೈಗಾರಿಕಾ ಪ್ರದೇಶದ ಹತ್ತಿರ ಒಂದು ಸಣ್ಣ ಕಂಪನಿ, ಹನ್ನೊಂದು ಜನ. ಕಾರ್ಖಾನೆಗಳಿಗೆ ಲೆಕ್ಕ ಹಿಡಿಯುವ, ತೂಕ ಬರೆದಿಡುವ, ಯಂತ್ರ ನಿಂತರೆ ಕೂಗಿ ಹೇಳುವ ಪೆಟ್ಟಿಗೆಗಳನ್ನು ಮಾಡಿಕೊಡುತ್ತೇವೆ. ಒಳಗೆ ಲಿನಕ್ಸ್, ಹೊರಗೆ ಒಂದು ಟಚ್ ಸ್ಕ್ರೀನ್. ನಮ್ಮ ಕನ್ನಡ ಬಳಗದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೊಸದಾಗಿ ಇತ್ತ ಬಂದ ಹುಡುಗರು ಮೂರು ತಿಂಗಳಿಗೊಮ್ಮೆಯಾದರೂ ಕೇಳುತ್ತಾರೆ: 'ಸರ್, ಲಿನಕ್ಸ್‌ನಲ್ಲಿ ಯುಐ ಮಾಡಲು ಯಾವುದು ಬೆಸ್ಟ್?' ಒಂದು ಸಾಲಿನಲ್ಲಿ ಉತ್ತರಿಸಲು ಆಗದ ಪ್ರಶ್ನೆ. ಈ ಅಂಕಣದ ಜಾಗ ಸಿಕ್ಕಿದೆ, ಇಲ್ಲಿ ಹೇಳುತ್ತೇನೆ.

ಒಂದು ಊರು, ಹತ್ತು ಬಾವಿ

ವಿಂಡೋಸ್ ಅಥವಾ ಮ್ಯಾಕ್‌ನಲ್ಲಿ ಗುಂಡಿ ಹೇಗಿರಬೇಕು, ಮೆನು ಹೇಗೆ ತೆರೆಯಬೇಕು ಎಂಬುದನ್ನು ಒಬ್ಬ ಯಜಮಾನ ನಿರ್ಧರಿಸುತ್ತಾನೆ. ಲಿನಕ್ಸ್‌ನಲ್ಲಿ ಆ ಯಜಮಾನನೇ ಇಲ್ಲ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ ಪರದೆಯ ಮೇಲೆ ಚೌಕ ಬರೆಯುವ, ಮೌಸ್ ಎಲ್ಲಿದೆ ಎಂದು ಹೇಳುವ ಕೆಲಸವನ್ನಷ್ಟೇ ವಹಿಸಿಕೊಂಡಿತು. ಗುಂಡಿಯ ಅಂದಚೆಂದ ನಿಮಗೆ ಬಿಟ್ಟದ್ದು ಎಂದು ಬೇಕೆಂದೇ ಕೈ ತೊಳೆದುಕೊಂಡಿತು. ಹಾಗಾಗಿ ಗುಂಡಿ, ಪಟ್ಟಿ, ಪೆಟ್ಟಿಗೆಗಳನ್ನು ಮಾಡಿಕೊಡುವ ಟೂಲ್‌ಕಿಟ್‌ಗಳು ಒಬ್ಬೊಬ್ಬರ ಹಿತ್ತಿಲಲ್ಲಿ ಒಂದೊಂದರಂತೆ ಹುಟ್ಟಿಕೊಂಡವು.

ಇವುಗಳ ಹುಟ್ಟಿನ ಕಥೆ ಗೊತ್ತಿದ್ದರೆ ಸ್ವಭಾವವೂ ಅರ್ಥವಾಗುತ್ತದೆ. ತೊಂಬತ್ತರ ದಶಕದಲ್ಲಿ ಯುನಿಕ್ಸ್ ಲೋಕದ ದೊಡ್ಡಮನೆ ಮೋಟಿಫ್, ಅದಕ್ಕೆ ದುಡ್ಡು ಕೊಡಬೇಕಿತ್ತು. ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶವನ್ನು ಮೊದಲು ಮೋಟಿಫ್‌ನಲ್ಲೇ ಬರೆದರು. ಅದು ಹಿಡಿಸದೆ ತಮ್ಮದೇ ಟೂಲ್‌ಕಿಟ್ ಮಾಡಿಕೊಂಡರು. ಅದೇ ಗಿಂಪ್ ಟೂಲ್‌ಕಿಟ್, ಅಂದರೆ ಜಿಟಿಕೆ. ಅತ್ತ ನಾರ್ವೆಯಲ್ಲಿ ಹೊವಾರ್ಡ್ ನೂರ್ಡ್ ಮತ್ತು ಐರಿಕ್ ಚಾಂಬೆ ಎಂಗ್ ಎಂಬಿಬ್ಬರು ಟ್ರೋಲ್‌ಟೆಕ್ ಕಂಪನಿ ಕಟ್ಟಿ 1995ರಲ್ಲಿ ಕ್ಯೂಟಿಯನ್ನು ಹೊರತಂದರು. ಅದನ್ನು 'ಕ್ಯೂಟ್' ಎಂದು ಉಚ್ಚರಿಸಬೇಕಂತೆ, ನಮ್ಮ ಆಫೀಸಿನಲ್ಲಿ ಯಾರೂ ಹಾಗೆನ್ನುವುದಿಲ್ಲ. 1996ರ ಅಕ್ಟೋಬರ್‌ನಲ್ಲಿ ಮಥಿಯಾಸ್ ಎಟ್ರಿಕ್ ಎಂಬ ಜರ್ಮನ್ ವಿದ್ಯಾರ್ಥಿ ಕ್ಯೂಟಿಯನ್ನೇ ಆಧಾರವಾಗಿಟ್ಟುಕೊಂಡು ಕೆಡಿಇ ಎಂಬ ಡೆಸ್ಕ್‌ಟಾಪ್ ಯೋಜನೆ ಶುರು ಮಾಡಿದರು.

ಜಗಳ ಹುಟ್ಟಿದ್ದು ಅಲ್ಲಿ. ಕ್ಯೂಟಿಯ ಆಗಿನ ಪರವಾನಗಿ ಪೂರ್ತಿ ಮುಕ್ತವಾಗಿರಲಿಲ್ಲ. ಮುಕ್ತವಲ್ಲದ ತಳಪಾಯದ ಮೇಲೆ ಮುಕ್ತ ಮನೆ ಕಟ್ಟುವುದು ಹೇಗೆ ಎಂದು ಒಂದು ಪಂಗಡ ಮುನಿಸಿಕೊಂಡಿತು. 1997ರಲ್ಲಿ ಮಿಗೆಲ್ ಡಿ ಇಕಾಜಾ ಮತ್ತು ಫೆಡೆರಿಕೊ ಮೆನಾ ಜಿಟಿಕೆಯನ್ನು ಎತ್ತಿಕೊಂಡು ಗ್ನೋಮ್ ಆರಂಭಿಸಿದರು. ಮುಂದೆ 2000ದಲ್ಲಿ ಕ್ಯೂಟಿ ಜಿಪಿಎಲ್ ಅಡಿ ಬಂತು. 2008ರಲ್ಲಿ ನೋಕಿಯಾ ಟ್ರೋಲ್‌ಟೆಕ್ಕನ್ನು ಕೊಂಡು, 2009ರಲ್ಲಿ ಇನ್ನಷ್ಟು ಸಡಿಲವಾದ ಎಲ್‌ಜಿಪಿಎಲ್ ಪರವಾನಗಿಯನ್ನೂ ಕೊಟ್ಟಿತು. ಜಗಳದ ಮೂಲ ಕಾರಣ ಹೋಗಿ ಕಾಲವಾಯಿತು, ಎರಡು ಮನೆಗಳು ಮಾತ್ರ ಹಾಗೇ ಉಳಿದವು. ಅಣ್ಣತಮ್ಮಂದಿರ ಪಾಲು ಒಮ್ಮೆ ಆದ ಮೇಲೆ ಗೋಡೆ ಯಾರು ಒಡೆಯುತ್ತಾರೆ?

ಹುಡುಗರು ಓದುವ ಹೋಲಿಕೆ ಲೇಖನಗಳಲ್ಲಿ ವೇಗ, ಭಾಷೆ, ಅಂದ ಇವುಗಳ ಪಟ್ಟಿ ಇರುತ್ತದೆ. ನನಗೆ ನಿಜವಾದ ಪಾಠ ಕಲಿಸಿದ್ದು ಆ ಪಟ್ಟಿಗಳಲ್ಲಿ ಅಪರೂಪಕ್ಕೂ ಕಾಣದ ಒಂದು ಸಂಗತಿ. ಅದು ನಡೆದದ್ದು ಸೂರತ್‌ನಲ್ಲಿ.

ಸೂರತ್‌ನ ಖಾತು

ಸೂರತ್‌ನಲ್ಲಿ ಮಗ್ಗದ ಶೆಡ್ಡಿಗೆ 'ಖಾತು' ಎನ್ನುತ್ತಾರೆ. ಉಧನಾ, ಪಾಂಡೇಸರಾ, ಸಚಿನ್ ಕಡೆ ಹೋದರೆ ಬೀದಿಯುದ್ದಕ್ಕೂ ಖಾತುಗಳೇ. ನಾನು ರಬಕವಿ-ಬನಹಟ್ಟಿಯವನು, ಅಪ್ಪ ನಾಲ್ಕು ಪವರ್‌ಲೂಮ್ ನಡೆಸಿದವರು. ಆ ಖಟಪಟ ನನಗೆ ಜೋಗುಳ. ಆದರೆ ನಮ್ಮೂರಿನ ನಾಲ್ಕು ಮಗ್ಗದ ಸದ್ದಿಗೂ ಒಂದೇ ಸೂರಿನಡಿ ನೂರಿಪ್ಪತ್ತು ಮಗ್ಗ ಕುಣಿಯುವ ಸದ್ದಿಗೂ ಹೋಲಿಕೆಯಿಲ್ಲ. ಅಲ್ಲಿ ಮಾತು ನಡೆಯುವುದು ಕೈಸನ್ನೆಯಲ್ಲಿ. ಹಾಗಾಗಿ ಪರದೆಯ ಮೇಲಿನ ಅಕ್ಷರಕ್ಕೆ ಬೆಲೆ ಹೆಚ್ಚು.

ಕೆಲಸಗಾರರಲ್ಲಿ ಬಹುಪಾಲು ಜನ ಒಡಿಶಾದ ಗಂಜಾಂ ಜಿಲ್ಲೆಯವರು. ಪಾಳಿ ಹನ್ನೆರಡು ಗಂಟೆ, ಕೂಲಿ ಮೀಟರ್ ಲೆಕ್ಕದಲ್ಲಿ. ಆ ಮೀಟರ್ ಹೇಗೆ ಬರುತ್ತದೆ ನೋಡಿ. ಮಗ್ಗ ಒಂದು ಸಲ ಹೊಕ್ಕು ಹಾಕಿದರೆ ಒಂದು ಪಿಕ್. ಬಟ್ಟೆಗೆ ಇಂಚಿಗೆ 60 ಪಿಕ್ ಇದ್ದರೆ ಒಂದು ಮೀಟರ್‌ಗೆ ಸುಮಾರು 2,362 ಪಿಕ್ ಬೇಕು. ನಿಮಿಷಕ್ಕೆ 150 ಪಿಕ್ ಓಡುವ ಸಾಧಾರಣ ಮಗ್ಗ ಹನ್ನೆರಡು ಗಂಟೆ ಒಂದು ಕ್ಷಣವೂ ನಿಲ್ಲದಿದ್ದರೆ 45 ಮೀಟರ್ ಚಿಲ್ಲರೆ ನೇಯುತ್ತದೆ. ನಿಲ್ಲದೆ ಇರುವುದುಂಟೇ? ಎಳೆ ಹರಿಯುತ್ತದೆ, ಬೀಮ್ ಮುಗಿಯುತ್ತದೆ, ಕರೆಂಟ್ ಹೋಗುತ್ತದೆ. ನೂರಕ್ಕೆ ಎಂಬತ್ತು ಪಾಲು ಓಡಿದರೆ ಮೂವತ್ತಾರು ಮೂವತ್ತೇಳು ಮೀಟರ್. ಇದನ್ನು ಮೇಸ್ತ್ರಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ತಿಂಗಳ ಕೊನೆಗೆ ಆ ನೋಟ್‌ಬುಕ್ಕಿನ ಮೇಲೆ ತಕರಾರು.

ಆ ಖಾತುವಿನ ಮಾಲೀಕರು ನಮ್ಮನ್ನು ಕರೆಸಿದ್ದು ಅದಕ್ಕೇ. ಪ್ರತಿ ಆರು ಮಗ್ಗಕ್ಕೆ ಒಂದು ಪರದೆ ಇರಬೇಕು, ಪಿಕ್ ಎಣಿಸುವ ಸೆನ್ಸರ್ ಮಗ್ಗಕ್ಕೇ ಕೂರಬೇಕು, ಯಾರ ಮೀಟರ್ ಎಷ್ಟು ಎಂಬುದು ಎಲ್ಲರ ಕಣ್ಣಿಗೆ ಬೀಳಬೇಕು. ಇದಕ್ಕೆ ಮೊದಲು ಬೇರೊಂದು ಕಂಪನಿ ಕೂರಿಸಿದ್ದ ಪೆಟ್ಟಿಗೆ ಅಲ್ಲೇ ಗೋಡೆಯಲ್ಲಿ ನೇತಾಡುತ್ತಿತ್ತು, ಮೇಲೆ ಒಂದು ಟವೆಲ್ ಹೊದಿಸಿದ್ದರು. ಕೆಲಸ ಮಾಡುವುದಿಲ್ಲವೇ ಎಂದೆ. 'ಚಾಲೆ ಛೆ, ಪಣ್ ಕೋಈನೆ ಫಾವತುಂ ನಥೀ' ಎಂದರು ಮಾಲೀಕರು. ನಡೆಯುತ್ತದೆ, ಆದರೆ ಯಾರಿಗೂ ಒಗ್ಗಿಲ್ಲ.

ಟವೆಲ್ ತೆಗೆದು ನೋಡಿದೆ. ಗುಜರಾತಿಯಲ್ಲಿ 'ಡಿಝಾಇನ್', 'ಮಿನಿಟ್' ಎಂದು ಬರೆಯಲು ಹೋಗಿ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿದ್ದವು. ಗುಜರಾತಿ ಲಿಪಿಯಲ್ಲಿ ಹ್ರಸ್ವ ಇಕಾರದ ಗುರುತು ವ್ಯಂಜನದ ಎಡಕ್ಕೆ ಬರಬೇಕು. ಈ ಪರದೆಯಲ್ಲಿ ಅದು ಬಲಕ್ಕೆ ಬಿದ್ದು ಮುಂದಿನ ಅಕ್ಷರದ ತಲೆ ಹಿಡಿದುಕೊಂಡಿತ್ತು. ಒಡಿಯಾ ಅಂತೂ ಕೇಳಬೇಡಿ. ನನಗೆ ಒಡಿಯಾ ಓದಲು ಬರುವುದಿಲ್ಲ, ಆದರೂ ಪ್ರತಿ ಎರಡಕ್ಷರಕ್ಕೊಂದು ಹಲಂತದ ಬಾಲ ತೂಗುತ್ತಿದ್ದುದು ಕಣ್ಣಿಗೆ ಹೊಡೆಯುತ್ತಿತ್ತು. ಪಕ್ಕದಲ್ಲಿದ್ದ ಗಂಜಾಂನ ಕಾರೀಗರ್ ಹಿಂದಿಯಲ್ಲಿ ಹೇಳಿದ ಮಾತು ನೆನಪಿದೆ. 'ನಮ್ಮ ಹೆಸರೇ ಸರಿಯಾಗಿ ಬರೆಯಲು ಬಾರದ ಮಶೀನ್ ನಮ್ಮ ಮೀಟರ್ ಸರಿಯಾಗಿ ಬರೆಯುತ್ತದೆ ಎಂದು ಹೇಗೆ ನಂಬೋದು ಸಾಹೇಬ್?'

ಎಣಿಕೆ ಸರಿಯಿತ್ತು. ಕೆಟ್ಟಿದ್ದು ಅಕ್ಷರ. ಆದರೆ ನಂಬಿಕೆ ಹೋದದ್ದು ಎಣಿಕೆಯ ಮೇಲೆ.

ಕನ್ನಡಿಗರಿಗೆ ಈ ಕಾಯಿಲೆಯ ಪರಿಚಯ ಬೇಕಿಲ್ಲ. ಹಳೆಯ ಮೊಬೈಲ್‌ಗಳಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬರುತ್ತಿದ್ದುದನ್ನು ನೋಡಿದವರೇ ನಾವು. ಯೂನಿಕೋಡ್‌ನಲ್ಲಿ 'ಕ್ಷ' ಎಂಬ ಪ್ರತ್ಯೇಕ ಅಕ್ಷರವಿಲ್ಲ. ಕ, ಹಲಂತ, ಷ ಎಂಬ ಮೂರು ಸಂಕೇತಗಳ ಸಾಲಷ್ಟೇ ಕಡತದಲ್ಲಿರುತ್ತದೆ. 'ಕರ್ನಾಟಕ' ಎಂದು ಬರೆದಾಗ ರ ಮೊದಲು, ನ ಆಮೇಲೆ. ತೆರೆಯ ಮೇಲೆ ಮಾತ್ರ ನಾ ಮೊದಲು ಬಂದು ಅರ್ಕಾವತ್ತು ಅದರ ಹಿಂದೆ ನಿಲ್ಲಬೇಕು. ಈ ಜೋಡಿಸುವ, ಹಿಂದುಮುಂದು ಮಾಡುವ, ಕೆಳಗಿಳಿಸುವ ಕೆಲಸಕ್ಕೆ ಶೇಪಿಂಗ್ ಎಂದು ಹೆಸರು. ಇಂಗ್ಲಿಷಿಗೆ ಇದು ಹೆಚ್ಚುಕಡಿಮೆ ಬೇಕಾಗಿಯೇ ಇಲ್ಲ. ಒಂದರ ಪಕ್ಕ ಒಂದು ಇಟ್ಟರೆ ಮುಗಿಯಿತು. ಹಾಗಾಗಿ ಇಂಗ್ಲಿಷ್ ಬಳಸುವವರು ಬರೆದ ಹೋಲಿಕೆ ಲೇಖನಗಳಲ್ಲಿ ಈ ಅಂಶಕ್ಕೆ ಜಾಗವಿಲ್ಲ.

ಮುಕ್ತ ತಂತ್ರಾಂಶ ಲೋಕದಲ್ಲಿ ಈ ಕೆಲಸವನ್ನು ಈಗ ಬಹುತೇಕ ಒಂದೇ ಗ್ರಂಥಾಲಯ ಮಾಡುತ್ತದೆ, ಹಾರ್ಫ್‌ಬಜ್. ಇದರ ಮುಖ್ಯ ಕರ್ತೃ ಇರಾನ್ ಮೂಲದ ಬೆಹ್ದಾದ್ ಎಸ್ಫಹ್ಬೊದ್. ಹೆಸರು ಕೂಡ ಪಾರ್ಸಿಯದೇ, ಓಪನ್‌ಟೈಪ್ ಎಂಬ ಫಾಂಟ್ ಮಾದರಿಯ ಹೆಸರನ್ನು ತಮಾಷೆಗೆ ಅನುವಾದಿಸಿ ಇಟ್ಟದ್ದು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರೊಳಗೂ ಕುಳಿತು ನಮ್ಮ ಒತ್ತಕ್ಷರ ಕಟ್ಟುತ್ತಿರುವುದು ಇದೇ. ಜಿಟಿಕೆ ಪ್ಯಾಂಗೊ ಎಂಬ ಪದರದ ಮೂಲಕ ಹಾರ್ಫ್‌ಬಜ್ ಬಳಸುತ್ತದೆ, ಕ್ಯೂಟಿಯೂ ಬಳಸುತ್ತದೆ. ಫ್ಲಟರ್‌ನಲ್ಲೂ ಇದೆ. ಎಲೆಕ್ಟ್ರಾನ್ ಒಳಗೆ ಕ್ರೋಮಿಯಂ ಇರುವುದರಿಂದ ಅಲ್ಲೂ ಇದೆ.

ಇಲ್ಲದಿರುವುದು ಎಲ್ಲಿ? ಪೈಥಾನ್ ಕಲಿತ ಪ್ರತಿಯೊಬ್ಬರೂ ಮೊದಲು ಮುಟ್ಟುವ ಟಿಕೆಯಲ್ಲಿ! ಜಾನ್ ಔಸ್ಟರ್‌ಹೌಟ್ ಬರ್ಕ್ಲಿಯಲ್ಲಿದ್ದಾಗ ಮಾಡಿದ ಈ ಟೂಲ್‌ಕಿಟ್ ಪೈಥಾನ್ ಜೊತೆ ಟಿಕೆ-ಇಂಟರ್ ಹೆಸರಿನಲ್ಲಿ ಬರುತ್ತದೆ. ಹತ್ತು ಸಾಲಿನಲ್ಲಿ ಕಿಟಕಿ ತೆರೆಯುತ್ತದೆ, ಪುಕ್ಕಟೆ, ಹಗುರ. ಆದರೆ ವರ್ಷಾನುಗಟ್ಟಲೆ ಬಳಕೆಯಲ್ಲಿರುವ ಅದರ 8.6 ಆವೃತ್ತಿ ಲಿನಕ್ಸ್‌ನಲ್ಲಿ ಭಾರತೀಯ ಲಿಪಿಗಳ ಶೇಪಿಂಗ್ ಮಾಡುವುದಿಲ್ಲ. ಅದೇ ಪ್ರೋಗ್ರಾಂ ವಿಂಡೋಸ್‌ನಲ್ಲಿ ಸರಿಯಾಗಿ ಕಾಣುತ್ತದೆ, ಯಾಕೆಂದರೆ ಅಲ್ಲಿ ಆ ಕೆಲಸ ವಿಂಡೋಸೇ ಮಾಡಿಕೊಡುತ್ತದೆ. ತನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಂಡದ್ದನ್ನು ನೋಡಿ ಬರೆದವನು ಸಮಾಧಾನಪಟ್ಟಿರುತ್ತಾನೆ, ಖಾತುವಿನ ಪೆಟ್ಟಿಗೆಯಲ್ಲಿ ಅಕ್ಷರ ಮುರಿದು ಬೀಳುತ್ತದೆ. ಗೋಡೆಯ ಮೇಲಿದ್ದ ಪೆಟ್ಟಿಗೆಯ ಕಥೆ ಅದೇ ಆಗಿತ್ತು. ಆಟಗಳ ಒಳಗಿನ ಉಪಕರಣಗಳಿಗೆ ಹೆಸರಾದ ಡಿಯರ್ ಇಮ್‌ಗುಯಿಯಲ್ಲೂ ಶೇಪಿಂಗ್ ಇಲ್ಲ. ಎಫ್‌ಎಲ್‌ಟಿಕೆ ಎಂಬ ಇನ್ನೊಂದು ಹಗುರ ಟೂಲ್‌ಕಿಟ್ 1.4ನೇ ಆವೃತ್ತಿಯಲ್ಲಿ ಪ್ಯಾಂಗೊ ಸೇರಿಸಿಕೊಳ್ಳಲು ಅವಕಾಶ ಕೊಟ್ಟಿದೆ.

ಅಂದಿನಿಂದ ನನ್ನ ಬಳಿ ಒಂದು ಕನ್ನಡ ಪರೀಕ್ಷೆ ಇದೆ. ಯಾವುದೇ ಹೊಸ ಟೂಲ್‌ಕಿಟ್ ಬರಲಿ, ಮೊದಲು ಒಂದು ಗುಂಡಿ ಮಾಡಿ ಅದರ ಮೇಲೆ 'ರಾಷ್ಟ್ರೀಯ ಅರ್ಥಶಾಸ್ತ್ರ, ಸ್ತ್ರೀ, ಸಾಫ್ಟ್‌ವೇರ್' ಎಂದು ಬರೆಯುತ್ತೇನೆ. 'ಷ್ಟ್ರೀ'ಯಲ್ಲಿ ಎರಡು ಒತ್ತು, 'ರ್ಥ'ದಲ್ಲಿ ಅರ್ಕಾವತ್ತು, 'ಸಾಫ್ಟ್‌ವೇರ್' ನಡುವೆ ಕಣ್ಣಿಗೆ ಕಾಣದ ಬೇರ್ಪಡಿಸುವ ಸಂಕೇತ. ಆ ಸಂಕೇತಕ್ಕೆ ಬೆಲೆ ಕೊಡದಿದ್ದರೆ ವ ಹೋಗಿ ಟ ಕೆಳಗೆ ಒತ್ತಾಗಿ ಕೂರುತ್ತದೆ. ಈ ಒಂದು ಸಾಲು ಪಾಸಾದ ಟೂಲ್‌ಕಿಟ್ ಇಲ್ಲಿಯವರೆಗೂ ಗುಜರಾತಿಯಲ್ಲೋ ಒಡಿಯಾದಲ್ಲೋ ಫೇಲಾದದ್ದನ್ನು ನಾನು ಕಂಡಿಲ್ಲ. ಹತ್ತು ನಿಮಿಷದ ಕೆಲಸ. ನಮ್ಮ ಆಫೀಸಿನ ಗುಜರಾತಿ ಹುಡುಗರು ಇದಕ್ಕೆ 'ಕನ್ನಡ ಟೆಸ್ಟ್' ಎಂದೇ ಹೆಸರಿಟ್ಟಿದ್ದಾರೆ, ಅರ್ಥ ಗೊತ್ತಿಲ್ಲದೆ ಕಾಪಿ ಪೇಸ್ಟ್ ಮಾಡುತ್ತಾರೆ.

ಇನ್ನೊಂದು ಸಣ್ಣ ವಿಷಯ, ಗುಂಡಿಯ ಎತ್ತರ. ಇಂಗ್ಲಿಷ್ ನೋಡಿ 40 ಪಿಕ್ಸೆಲ್ ಎಂದು ಕಟ್ಟಿಹಾಕಿದರೆ ಕನ್ನಡದ ಎರಡನೇ ಒತ್ತು ಕತ್ತರಿಸಿ ಹೋಗುತ್ತದೆ. ಅಕ್ಷರಕ್ಕೆ ತಕ್ಕಂತೆ ಗುಂಡಿ ಬೆಳೆಯಲು ಬಿಡುವ ಲೇಔಟ್ ಬಳಸಬೇಕು. ಜಿಟಿಕೆ, ಕ್ಯೂಟಿ ಎರಡರಲ್ಲೂ ಅದು ಇದೆ, ಬಳಸುವ ಮನಸ್ಸಿರಬೇಕು.

ಪರವಾನಗಿಯ ಕಾಗದ

ಹಾಗಾದರೆ ಖಾತುವಿಗೆ ಜಿಟಿಕೆಯೋ ಕ್ಯೂಟಿಯೋ? ನಮ್ಮ ಪೆಟ್ಟಿಗೆಯಲ್ಲಿ ಒಂದು ಜಿಬಿ ಮೆಮರಿಯ ಸಣ್ಣ ಬೋರ್ಡು, 800x480 ಪಿಕ್ಸೆಲ್‌ಗಳ ಏಳು ಇಂಚಿನ ಪರದೆ. ಡೆಸ್ಕ್‌ಟಾಪ್ ಇಲ್ಲ, ಟಾಸ್ಕ್‌ಬಾರ್ ಇಲ್ಲ, ಕರೆಂಟ್ ಬಂದ ಕೂಡಲೇ ನಮ್ಮ ಪರದೆಯೊಂದೇ ಏಳಬೇಕು. ಕ್ಯೂಟಿಗೆ ಎಕ್ಸ್ ಆಗಲಿ ವೇಲ್ಯಾಂಡ್ ಆಗಲಿ ಇಲ್ಲದೆ ನೇರ ಗ್ರಾಫಿಕ್ಸ್ ಚಿಪ್ ಮೇಲೆ ಬರೆಯುವ ದಾರಿಯಿದೆ. ಜಿಟಿಕೆಗೆ ನಡುವೆ ಒಬ್ಬ ಬೇಕು. ಕೇಜ್ ಎಂಬ ಪುಟ್ಟ ವೇಲ್ಯಾಂಡ್ ಕಂಪೋಸಿಟರ್ ಇಟ್ಟು ಅದನ್ನೂ ಮಾಡಬಹುದು, ನಾವು ಮಾಡಿಯೂ ನೋಡಿದೆವು, ಓಡಿತು. ಆದರೆ ಪದೇ ಪದೇ ಕರೆಂಟ್ ಹೋಗುವ ಜಾಗದಲ್ಲಿ ಮಧ್ಯದ ಭಾಗಗಳು ಕಡಿಮೆಯಿದ್ದಷ್ಟೂ ನಿದ್ದೆ ಚೆನ್ನ. ಕ್ಯೂಟಿ ಆಯ್ಕೆಯಾಯಿತು.

ಆಗ ಶುರುವಾದದ್ದು ಕಾಗದದ ಕೆಲಸ. ನನ್ನ ಅನುಭವದಲ್ಲಿ ಎಂಜಿನಿಯರುಗಳು ಅತಿ ಕಡಿಮೆ ಓದುವ ಭಾಗ ಇದು, ಆದ್ದರಿಂದ ಸ್ವಲ್ಪ ನಿಧಾನಿಸುತ್ತೇನೆ. ಜಿಟಿಕೆ ಪೂರ್ತಿ ಎಲ್‌ಜಿಪಿಎಲ್. ನಿಮ್ಮ ಸ್ವಂತ ಪ್ರೋಗ್ರಾಂ ಮುಚ್ಚಿಟ್ಟುಕೊಂಡು ಮಾರಬಹುದು, ಆದರೆ ಜಿಟಿಕೆಯನ್ನು ಬಳಕೆದಾರ ಬೇರೆ ಆವೃತ್ತಿಗೆ ಬದಲಿಸಲು ಆಗುವಂತಿರಬೇಕು, ಪರವಾನಗಿಯ ಪ್ರತಿ ಜೊತೆಗಿರಬೇಕು. ಕ್ಯೂಟಿಯ ಮುಖ್ಯ ಭಾಗಗಳೂ ಎಲ್‌ಜಿಪಿಎಲ್‌ನಲ್ಲಿ ಸಿಗುತ್ತವೆ, 3ನೇ ಆವೃತ್ತಿಯಲ್ಲಿ. ಆದರೆ ಎಲ್ಲ ಭಾಗಗಳೂ ಅಲ್ಲ! ಕ್ಯೂಟಿ ಚಾರ್ಟ್ಸ್, ಪರದೆಯ ಮೇಲೆ ಕೀಲಿಮಣೆ ತೋರಿಸುವ ಕ್ಯೂಟಿ ವರ್ಚುಯಲ್ ಕೀಬೋರ್ಡ್ ಇಂಥವು ಒಂದೋ ಜಿಪಿಎಲ್, ಇಲ್ಲವೇ ದುಡ್ಡು ಕೊಟ್ಟು ಕೊಳ್ಳುವ ಪರವಾನಗಿ. ಜಿಪಿಎಲ್ ಭಾಗ ಸೇರಿಸಿ ಪೆಟ್ಟಿಗೆ ಮಾರಿದರೆ, ಕೊಂಡವನಿಗೆ ನಿಮ್ಮ ಪ್ರೋಗ್ರಾಂನ ಮೂಲವನ್ನೂ ಅದೇ ಷರತ್ತಿನಲ್ಲಿ ಕೊಡಬೇಕಾಗುತ್ತದೆ. ಪೈಥಾನ್‌ನಲ್ಲೂ ಇದೇ ತಿರುವು. ಪೈಕ್ಯೂಟಿ ಎಂಬುದು ಜಿಪಿಎಲ್ ಅಥವಾ ದುಡ್ಡಿನದು, ಹೆಚ್ಚುಕಡಿಮೆ ಅದೇ ಕೆಲಸ ಮಾಡುವ ಪೈಸೈಡ್ ಎಲ್‌ಜಿಪಿಎಲ್. ಎರಡು ಹೆಸರು, ಒಂದೇ ರುಚಿ, ಬಿಲ್ ಬೇರೆ.

ನಾವು ಮಾಡಿದ್ದು ಸರಳ. ಕಾರೀಗರ್ ಬರೆಯಬೇಕಾದದ್ದು ತನ್ನ ಕಾರ್ಡ್ ನಂಬರ್ ಮಾತ್ರ. ಅದಕ್ಕೆ ಪೂರ್ತಿ ಕೀಲಿಮಣೆ ಯಾಕೆ? ಹನ್ನೆರಡು ದೊಡ್ಡ ಗುಂಡಿಗಳನ್ನು ನಾವೇ ಜೋಡಿಸಿದೆವು. ಚಾರ್ಟಿನ ಬದಲು ಆರು ಮಗ್ಗಕ್ಕೆ ಆರು ಪಟ್ಟಿ, ಅವೂ ನಾವೇ ಬರೆದ ಚೌಕಗಳು. ನಮ್ಮ ಶೇಠ್‌ಗೆ ಇದನ್ನೆಲ್ಲ ವಿವರಿಸಿದಾಗ ಅವರು ಕೇಳಿದ ಪ್ರಶ್ನೆ ಗುಜರಾತಿ ವ್ಯಾಪಾರಿಯೇ ಕೇಳಬಹುದಾದದ್ದು: 'ಈ ಕಂಪನಿ ನಾಳೆ ಪುಕ್ಕಟೆ ಕೊಡೋದು ನಿಲ್ಲಿಸಿದರೆ?' ಅದಕ್ಕೂ ಒಂದು ಕಾಗದವಿದೆ. ಕೆಡಿಇಯವರು ಟ್ರೋಲ್‌ಟೆಕ್ ಜೊತೆ 1998ರಲ್ಲೇ ಒಂದು ಪ್ರತಿಷ್ಠಾನ ಕಟ್ಟಿ ಒಪ್ಪಂದ ಮಾಡಿಕೊಂಡಿದ್ದಾರೆ. ಮುಕ್ತ ಆವೃತ್ತಿ ಬಿಡುಗಡೆ ಮಾಡುವುದನ್ನು ನಿಲ್ಲಿಸಿ ಹನ್ನೆರಡು ತಿಂಗಳಾದರೆ ಪ್ರತಿಷ್ಠಾನ ಕ್ಯೂಟಿಯನ್ನು ಇನ್ನೂ ಸಡಿಲವಾದ ಪರವಾನಗಿಯಲ್ಲಿ ಹೊರಗೆ ಬಿಡಬಹುದು. ಕಂಪನಿ ಕೈ ಬದಲಾದರೂ ಒಪ್ಪಂದ ಮುಂದುವರಿದು ಬಂದಿದೆ. 'ಸಾರುಂ' ಎಂದು ಶೇಠ್ ಸಹಿ ಹಾಕಿದರು.

ಒಡಿಯಾ ಸೇರಿಸಲು ಮಾಲೀಕರನ್ನು ಒಪ್ಪಿಸುವುದು ಪರವಾನಗಿಗಿಂತ ಕಷ್ಟವಾಯಿತು. ಗುಜರಾತಿ, ಹಿಂದಿ ಇದ್ದರೆ ಸಾಕು, ಅವರಿಗೆಲ್ಲ ಹಿಂದಿ ಬರುತ್ತದೆ ಎಂಬುದು ಅವರ ವಾದ. ಮಾತಾಡಲು ಬರುವುದಕ್ಕೂ ಓದಲು ಬರುವುದಕ್ಕೂ ವ್ಯತ್ಯಾಸವಿದೆಯಲ್ಲ. ಹನ್ನೆರಡು ವರ್ಷದಿಂದ ಗುಜರಾತಿ ಮಾತಾಡುವ ನಾನು ಇವತ್ತಿಗೂ ಮನೆ ತೆರಿಗೆಯ ನೋಟಿಸನ್ನು ಪಕ್ಕದ ಮನೆಯ ಬೇನ್‌ಗೆ ತೋರಿಸಿಯೇ ಓದಿಸಿಕೊಳ್ಳುತ್ತೇನೆ. ಇಡೀ ಪರದೆಯಲ್ಲಿ ಇರುವುದು ನಲವತ್ತೊಂದು ಪದಗಳು. ಖಾತುವಿನ ಇಬ್ಬರು ಹುಡುಗರೇ ಚಹಾದ ಹೊತ್ತಿನಲ್ಲಿ ಒಡಿಯಾ ಬರೆದುಕೊಟ್ಟರು, ಖರ್ಚು ಎರಡು ಕಪ್ ಚಹಾ. ಅಂಕಿಗಳನ್ನು ಮಾತ್ರ ಎಲ್ಲರಿಗೂ ಪರಿಚಿತವಾದ 1, 2, 3ರಲ್ಲೇ ಉಳಿಸಿದೆವು.

ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಕ್ಯೂಟಿ, ಜಿಟಿಕೆ ಅವರಿಗೆ ಬೇಡ. 'ಆ ಹುಡುಗಗ ತನ್ನ ಮೀಟರ್ ತಾನಽ ಓದಾಕ ಬರತೈತೇನು?' ಎಂದು ಕೇಳಿದರು. ಬರ್ತದಪ್ಪಾ ಅಂದೆ. ಈಗ ಪಾಳಿ ಮುಗಿದಾಗ ಕಾರೀಗರರು ಪರದೆಯ ಮುಂದೆ ನಿಂತು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಮೇಸ್ತ್ರಿಯ ನೋಟ್‌ಬುಕ್ ಇನ್ನೂ ಇದೆ, ತಕರಾರೂ ಪೂರ್ತಿ ನಿಂತಿಲ್ಲ. ಆದರೆ ಈಗ ತಕರಾರಿಗೆ ಎರಡೂ ಕಡೆ ಕಾಗದ ಇದೆ.

ವಟವಾದ ತೂಕದ ಯಂತ್ರ

ಅಹಮದಾಬಾದಿನ ಕೆಲಸ ಬೇರೆಯೇ ಜಾತಿಯದು. ವಟವಾ ಕೈಗಾರಿಕಾ ಪ್ರದೇಶದಲ್ಲಿ ಬಣ್ಣದ ಪುಡಿ ಮಾಡುವ ಒಬ್ಬರ ಬಳಿ ಹದಿನಾಲ್ಕು ಹಳೆಯ ಕಂಪ್ಯೂಟರ್‌ಗಳಿದ್ದವು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ಆ ಯಂತ್ರಗಳು ವಿಂಡೋಸ್ 11 ಕೇಳುವ ಅರ್ಹತೆಯಲ್ಲಿ ಇರಲಿಲ್ಲ. ಗಟ್ಟಿಮುಟ್ಟಾದ ಪೆಟ್ಟಿಗೆಗಳನ್ನು ಗುಜರಿಗೆ ಹಾಕುವುದೇ? ಲಿನಕ್ಸ್ ಮಿಂಟ್ ಹಾಕಿಕೊಟ್ಟೆವು. ಉಳಿದದ್ದು ತೂಕದ ಯಂತ್ರದಿಂದ ಸೀರಿಯಲ್ ಕೇಬಲ್ ಮೂಲಕ ತೂಕ ಓದಿ ಚೀಟಿ ಮುದ್ರಿಸುವ, ವಿಷುಯಲ್ ಬೇಸಿಕ್‌ನಲ್ಲಿ ಬರೆದ ಹಳೆಯ ಪ್ರೋಗ್ರಾಂ.

ಆ ಪ್ರೋಗ್ರಾಂ ಬರೆದವರು ಅಲ್ಲಿಯ ಲೆಕ್ಕದ ವಿಭಾಗದ ಹಿರಿಯರು, ನಿವೃತ್ತಿಗೆ ಆರೇಳು ವರ್ಷವಿದೆ. ನಮ್ಮ ಆಫೀಸಿನ ಹುಡುಗರು ಪೈಥಾನ್ ಮತ್ತು ಜಿಟಿಕೆ 4ರಲ್ಲಿ ಎರಡೇ ದಿನಕ್ಕೆ ಅಂದವಾದ ಮಾದರಿ ಮಾಡಿದರು. ನಾನು ಗ್ಯಾಂಬಾಸ್ ಮುಂದಿಟ್ಟೆ. ಅದು ಬೆನ್ವಾ ಮಿನಿಸಿನಿ ಎಂಬ ಫ್ರೆಂಚ್ ಪ್ರೋಗ್ರಾಮರ್ ಲಿನಕ್ಸ್‌ಗಾಗಿ ಮಾಡಿದ ಬೇಸಿಕ್ ಭಾಷೆ, ಫಾರ್ಮ್ ಮೇಲೆ ಗುಂಡಿ ಎಳೆದು ತಂದು ಕೂರಿಸುವ ಹಳೆಯ ಶೈಲಿಯದು. ಒಳಗೆ ಜಿಟಿಕೆ ಅಥವಾ ಕ್ಯೂಟಿಯನ್ನೇ ಬಳಸುವುದರಿಂದ ಗುಜರಾತಿ ಅಕ್ಷರ ಒಡೆಯುವುದಿಲ್ಲ, ಸೀರಿಯಲ್ ಪೋರ್ಟ್ ಓದುವ ಅಂಗವೂ ಜೊತೆಗಿದೆ. ಹುಡುಗರು ಮುಖ ಸಿಂಡರಿಸಿದರು. ಫ್ಯಾಷನ್ನಿನ ವಸ್ತು ಅಲ್ಲ, ನಿಜ. ಆದರೆ ನಾವು ವಡೋದರಾಕ್ಕೆ ವಾಪಸಾದ ಮೇಲೆ ಚೀಟಿಯಲ್ಲಿ ಒಂದು ಸಾಲು ಹೆಚ್ಚಿಸಬೇಕಾದರೆ ಹೆಚ್ಚಿಸುವವರು ಅವರು. ಆ ಹಿರಿಯರು ಅರ್ಧ ಗಂಟೆ ಕೂತು ಗುಂಡಿ ಎಳೆದಾಡಿ 'ಆ ತೊ ಫಾವಶೆ' ಎಂದರು. ಅಲ್ಲಿಗೆ ಚರ್ಚೆ ಮುಗಿಯಿತು. ನಮಗೆ ಎದುರಾದ ಒಂದೇ ತೊಡಕು ಲಿನಕ್ಸ್‌ನದು. ಬಳಕೆದಾರನನ್ನು 'ಡಯಲ್ಔಟ್' ಗುಂಪಿಗೆ ಸೇರಿಸದಿದ್ದರೆ ಸೀರಿಯಲ್ ಪೋರ್ಟ್ ತೆರೆಯುವುದಿಲ್ಲ. ಅದನ್ನು ಹದಿನಾಲ್ಕು ಸಲ ಮಾಡಿದ್ದಾಯಿತು.

ಎಲೆಕ್ಟ್ರಾನ್ ಬಗ್ಗೆ ಎರಡು ಮಾತು ಹೇಳದೆ ಬಿಟ್ಟರೆ ನಮ್ಮ ಆಫೀಸಿನ ಹುಡುಗರು ಕೋಪಿಸಿಕೊಳ್ಳುತ್ತಾರೆ. ವೆಬ್ ಕಲಿತವರಿಗೆ ಅದು ಹೆದ್ದಾರಿ, ಅಕ್ಷರಗಳೂ ಸರಿ ಬರುತ್ತವೆ. ಆದರೆ ಪ್ರತಿ ಪ್ರೋಗ್ರಾಂ ತನ್ನ ಜೊತೆ ಒಂದು ಪೂರ್ತಿ ಬ್ರೌಸರ್ ಹೊತ್ತು ತಿರುಗುತ್ತದೆ. ಎಂಟು ಜಿಬಿಯ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಚಾಲಶೆ, ಒಂದು ಜಿಬಿಯ ಖಾತು ಪೆಟ್ಟಿಗೆಯಲ್ಲಿ ಬೇಡ. ಫ್ಲಟರ್ ನನಗೆ ಅದಕ್ಕಿಂತ ಹಿಡಿಸಿದೆ. 2022ರಿಂದ ಲಿನಕ್ಸ್‌ಗೂ ಸ್ಥಿರ ಆವೃತ್ತಿಯಿದೆ, ಉಬುಂಟುವಿನ ಹೊಸ ಇನ್‌ಸ್ಟಾಲರನ್ನೇ ಅದರಲ್ಲಿ ಬರೆದಿದ್ದಾರೆ. ಸೂರತ್ ಮಾಲೀಕರು ತಮ್ಮ ಫೋನಿನಲ್ಲಿ ಮೀಟರ್ ನೋಡಬೇಕು ಎಂದಾಗ ಫೋನಿನ ಆ್ಯಪನ್ನು ಅದರಲ್ಲೇ ಮಾಡಿದೆವು.

ಅದು ಸುಲಭವಾದದ್ದಕ್ಕೆ ಕಾರಣ, ಎಣಿಸುವ ಪ್ರೋಗ್ರಾಂ ಒಂದು, ತೋರಿಸುವ ಪ್ರೋಗ್ರಾಂ ಇನ್ನೊಂದು. ಪಿಕ್ ಎಣಿಕೆ ಹಿನ್ನೆಲೆಯಲ್ಲಿ ತನ್ನ ಪಾಡಿಗೆ ಓಡುತ್ತದೆ, ಪರದೆ ಅದನ್ನು ಕೇಳಿ ತೋರಿಸುತ್ತದೆ. ಪರದೆ ಬಿದ್ದರೂ ಮೀಟರ್ ಬೀಳದು. ಟೂಲ್‌ಕಿಟ್ ಆಯ್ಕೆಗೆ ತಲೆ ಕೆಡಿಸಿಕೊಳ್ಳುವ ಹುಡುಗರಿಗೆ ನಾನು ಮೊದಲು ಹೇಳುವುದು ಈ ಗೋಡೆ ಕಟ್ಟಿ ಎಂದು. ಆಮೇಲೆ ನೀವು ಆರಿಸಿದ್ದು ಐದು ವರ್ಷಕ್ಕೆ ಹಳತಾದರೂ ಬದಲಿಸಬೇಕಾದ್ದು ಅರ್ಧ ಮನೆ ಮಾತ್ರ. ಎಕ್ಸ್ ಹೋಗಿ ವೇಲ್ಯಾಂಡ್ ಬರುತ್ತಿರುವ ಈ ಕಾಲದಲ್ಲಿ ಇದು ದೂರದ ಮಾತೇನಲ್ಲ.

ಸೂರತ್‌ನಿಂದ ಈಗ ಎರಡನೇ ಖಾತುವಿನ ಆರ್ಡರ್ ಬಂದಿದೆ. ಅಲ್ಲಿ ತೆಲುಗು ನೇಕಾರ ಕುಟುಂಬದವರು ಬಹಳ ಜನ, ಪದ್ಮಶಾಲಿಗಳು, ಸೂರತ್‌ನಲ್ಲೇ ತಲೆಮಾರುಗಳಿಂದ ಇರುವವರು. ಹಾಗಾಗಿ ನಲವತ್ತೊಂದು ಪದಗಳ ತೆಲುಗು ಕಡತ ಬೇಕಾಯಿತು. ಒಡಿಯಾ ಬಂದಾಗ ಕಣ್ಣಿದ್ದೂ ಕುರುಡನಾಗಿದ್ದ ನಾನು ತೆಲುಗನ್ನು ತಡವರಿಸಿ ಓದಬಲ್ಲೆ, ಲಿಪಿ ನಮ್ಮ ಅಕ್ಕನ ಮನೆಯದೇ ಅಲ್ಲವೇ. ಕಳೆದ ವಾರ ಪರದೆಗೆ ಹಾಕಿ ನೋಡಿದರೆ ಅಕ್ಷರಗಳೆಲ್ಲ ಸರಿ, ಒಂದೇ ಒಂದು ಗುಂಡಿಯಲ್ಲಿ ಒತ್ತಿನ ಬಾಲ ಮೂರು ಪಿಕ್ಸೆಲ್ ಕತ್ತರಿಸಿ ಹೋಗಿದೆ. ಫಾಂಟ್ ಸಾಲಿನ ಎತ್ತರ ಹೆಚ್ಚಿಸಿದ್ದೇವೆ. ಸೋಮವಾರ ಬೆಳಿಗ್ಗೆ ಸೂರತ್‌ಗೆ ಹೊರಡುವಾಗ ಹೊಸ ಪೆಟ್ಟಿಗೆ ಹಿಡಿದುಕೊಂಡು ಹೋಗಿ, ಓದಬಲ್ಲವರಿಂದಲೇ ಓದಿಸಿ ನೋಡಬೇಕು.